ಬೇರೆಯಾದವರ ಜಂಟಿ ಪಾಲಿಸಿ

ಬಾಗಲಗುಂಟೆಯಲ್ಲಿ ಕೋರ್ಟಿನ ಮೊಹರು ಹಾಕಿಸಿಕೊಂಡು ಗಂಡನನ್ನು ಬಿಟ್ಟ ಮೊದಲ ಹೆಂಗಸು ನಾನೇ. (ಮೊಹರಿಲ್ಲದೆ ಬಿಟ್ಟವರು ಬೇಕಾದಷ್ಟಿದ್ದಾರೆ, ಅದು ದಾಖಲೆಗೆ ಬರುವುದಿಲ್ಲ.) ಎಂಬತ್ತೆರಡನೇ ಇಸವಿಯಲ್ಲಿ ತೀರ್ಪಿನ ಕಾಗದ ಕೈಗೆ ಬಂದ ದಿನ ಬೀದಿಯವರನ್ನೆಲ್ಲ ಕರೆದು, "ಇವತ್ತಿಂದ ನಂಗೂ ಆ ಲಕ್ಷ್ಮಯ್ಯಂಗೂ ಏನೇನೂ ಸಂಬಂಧ ಇಲ್ಲ ಕಣ್ರಮ್ಮ" ಎಂದು ಘೋಷಿಸಿದೆ. ಪೀಣ್ಯದ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವ ಕೆಲಸ ನನ್ನದು, ಸಂಬಳ ನನ್ನದು, ಬಾಡಿಗೆ ಚೀಟಿಯಲ್ಲಿ ಹೆಸರೂ ನನ್ನದು. ಅನುಸೂಯಮ್ಮ ಯಾರ ಹಂಗಿನಲ್ಲೂ ಇಲ್ಲ ಎಂದು ಹೇಳಿಕೊಳ್ಳಲು ನನಗೆ ಈಗಲೂ ಹೆಮ್ಮೆಯೇ.

ಪಾಲು ಮಾಡುವಾಗಲೂ ನಾನು ಬಿಟ್ಟುಕೊಟ್ಟವಳಲ್ಲ. ರುಬ್ಬುವ ಕಲ್ಲು ನನಗೆ, ಗುಂಡು ಅವನಿಗೆ. (ಆಮೇಲೆ ಇಬ್ಬರ ಮನೆಯಲ್ಲೂ ದೋಸೆ ಇಲ್ಲ, ಆ ಮಾತು ಬೇರೆ.)

ಮೂರನೇ ದಿನ ವಿಮೆ ಏಜೆಂಟ್ ಹನುಮಂತಯ್ಯ ತನ್ನ ಲೂನಾ ತಳ್ಳಿಕೊಂಡು ಬಂದ.

"ಎಲ್ಲಾ ಪಾಲಾಯ್ತು, ಪಾಲಿಸಿ ಮರೆತ್ರಲ್ಲ ಅಕ್ಕ!"

ಮದುವೆಯ ಹೊಸದರಲ್ಲಿ ಇಬ್ಬರ ಹೆಸರನ್ನೂ ಒಂದೇ ಕಾಗದದಲ್ಲಿ ಬರೆಸಿದ್ದ ಪಾಲಿಸಿ ಅದು.

"ಮುರಿಸ್ಬಿಡಿ ಅದನ್ನ" ಎಂದೆ.

"ಈಗ ಮುರಿದ್ರೆ ಕಟ್ಟಿದ್ರಲ್ಲಿ ಅರ್ಧಾನೂ ಬರಲ್ಲ. ಇನ್ನು ನಾಕು ವರ್ಷ ಕಟ್ಟಿ, ಪೂರ್ತಿ ಬಂದ್ಮೇಲೆ ಪಾಲು ಮಾಡ್ಕೊಳಿ. ಮೂರು ತಿಂಗಳಿಗೊಂದು ಕಂತು. ಒಂದು ನೀವು, ಒಂದು ಅವ್ರು."

ಒಪ್ಪಿದೆ. ಮೊದಲ ಕಂತು ನಾನು ಕಟ್ಟಿದೆ, ಎರಡನೆಯದು ಅವನು. ಮೂರನೆಯದಕ್ಕೆ ಕರ್ಚೀಫಿನಲ್ಲಿ ದುಡ್ಡು ಗಂಟು ಕಟ್ಟಿಕೊಂಡು ಕಚೇರಿಗೆ ಹೋದರೆ ಗುಮಾಸ್ತ ತಲೆಯೆತ್ತದೆ, "ಇದು ಕಟ್ಟಾಗಿದೆ ಮೇಡಂ. ನಿಮ್ ಯಜಮಾನ್ರು ಹೋದ ವಾರಾನೇ ಬಂದಿದ್ರು" ಎಂದ.

ಯಜಮಾನ್ರಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಂದ ನೇರ ಲಕ್ಷ್ಮಯ್ಯ ಲೇತ್ ನಡೆಸುವ ಶೆಡ್ಡಿಗೇ ಹೋದೆ. ಅವನು ಊಟದ ಡಬ್ಬಿ ಬಿಚ್ಚುತ್ತಿದ್ದ.

"ನನ್ ಕಂತು ಕಟ್ಟೋಕೆ ನೀನ್ಯಾವನು?"

"ನಿಮ್ ಕಾರ್ಖಾನೇಲಿ ಲೇಆಫ್ ಅಂತಿದ್ರು. ಕಷ್ಟ ಆಯ್ತದೇನೋ ಅಂತ..."

"ಕಷ್ಟ ಆದ್ರೂ ನಿನ್ನ ಕೇಳಲ್ಲ ನಾನು!"

"ನೀನು ಕೇಳಲ್ಲ ಅಂತ ಗೊತ್ತಿದ್ದೇ ಕಟ್ಟಿದ್ದು."

ಮರುದಿನವೇ ಹೋಗಿ ನಾನು ಎರಡು ಕಂತು ಮುಂಗಡ ಕಟ್ಟಿಬಿಟ್ಟೆ. ಅವನು ಮೂರು ಕಟ್ಟಿದ. ನಾನು ಓವರ್‌ಟೈಮ್ ಮಾಡಿದೆ, ಬೋನಸ್ಸನ್ನೂ ಸುರಿದೆ. ಅವನು ಸೈಕಲ್ ಮಾರಿ ಕೆಲಸಕ್ಕೆ ನಡೆದು ಹೋಗುವುದನ್ನು ಕಂಡಾಗ ಒಂದು ಗಳಿಗೆ ಪಾಪ ಅನ್ನಿಸಿತು. ಮರುಗಳಿಗೆ ಆ ದುಡ್ಡೆಲ್ಲ ಎಲ್ಲಿಗೆ ಹೋಯಿತೆಂದು ಹೊಳೆದು ರೋಷ ಉಕ್ಕಿತು. ನಾಲ್ಕು ವರ್ಷದ ಕಂತು ಒಂದೂವರೆ ವರ್ಷದಲ್ಲೇ ಮುಗಿದುಹೋಯಿತು.

ಹನುಮಂತಯ್ಯ ಹಲ್ಲು ಕಿರಿಯುತ್ತ ಬಂದ. "ಅಕ್ಕ, ಭಾನುವಾರ ನಿಮಗೆ ಸನ್ಮಾನ! ನಮ್ ಆಫೀಸಿನ ದೊಡ್ಡ ಸಾಹೇಬ್ರೇ ಶಾಲು ಹೊದಿಸ್ತಾರೆ."

ನಿಮಗೆ ಎಂದರೆ ನನಗೇ ಎಂದುಕೊಂಡೆ. ಒಂಟಿ ಹೆಂಗಸಿನ ಸ್ವಾಭಿಮಾನಕ್ಕೆ ಸಂದ ಗೌರವ ಎಂದು ಬೀದಿಗೆಲ್ಲ ಸಾರಿದೆ. ರೇಷ್ಮೆ ಸೀರೆಯುಟ್ಟು, ಎದುರು ಮನೆಯ ಚಿಕ್ಕಮುನಿಯಮ್ಮನೂ ಸೇರಿ ಹದಿನಾಲ್ಕು ಜನರನ್ನು ಕಟ್ಟಿಕೊಂಡು ಸಭಾಂಗಣಕ್ಕೆ ಹೋದರೆ, ಆ ಕಡೆ ಬಾಗಿಲಲ್ಲಿ ಹೊಸ ಅಂಗಿ ತೊಟ್ಟ ಲಕ್ಷ್ಮಯ್ಯ, ಅವನ ಹಿಂದೆ ಶೆಡ್ಡಿನವರ ದಂಡು.

"ಕಂತು ಕಟ್ಟುವುದರಲ್ಲಿ ಒಬ್ಬರಿಗಿಂತ ಒಬ್ಬರು ಮುಂದಾದ ಆದರ್ಶ ದಂಪತಿ, ಶ್ರೀ ಲಕ್ಷ್ಮಯ್ಯ ಮತ್ತು ಶ್ರೀಮತಿ ಅನುಸೂಯಮ್ಮ!" ಎಂದು ಮೈಕಿನಲ್ಲಿ ಕೂಗಿದರು.

ನಮ್ಮ ಬೀದಿಯವರು ಬಾಯಿಗೆ ಸೆರಗು ಒತ್ತಿಕೊಂಡರು. ಹಿಂದೆ ಸರಿಯೋಣವೆಂದರೆ ಹದಿನಾಲ್ಕು ಜನ ನೋಡುತ್ತಿದ್ದಾರೆ. ವೇದಿಕೆ ಹತ್ತಿದೆವು. ಇಬ್ಬರ ಕೊರಳಿಗೂ ಹಾರ ಬಿತ್ತು, ಇಬ್ಬರ ಹೆಗಲಿಗೂ ಸೇರಿಸಿ ಒಂದೇ ಶಾಲು ಹೊದಿಸಿದರು.

"ನಿಜ ಹೇಳ್ಬಿಡು ಅವ್ರಿಗೆ" ಎಂದು ನಾನು ಪಿಸುಗುಟ್ಟಿದೆ.

"ನೀನೇ ಹೇಳು. ಬಾಯಿ ನಿಂದೇ ಜೋರು."

ಮೈಕು ನನ್ನ ಕೈಗೇ ಬಂತು. ಸತ್ಯವನ್ನೇ ನುಡಿಯುವುದೆಂದು ಗಂಟಲು ಸರಿಮಾಡಿಕೊಂಡೆ. ಪಕ್ಕದಲ್ಲಿ ಅವನು, ಎಲ್ಲ ತಾನೇ ಕಟ್ಟಿದವನ ಹಾಗೆ ಎದೆ ಸೆಟೆಸಿ ನಿಂತಿದ್ದ. ತಡೆಯಲಾಗಲಿಲ್ಲ.

"ಒಂದು ವಿಷ್ಯ ಸ್ಪಷ್ಟ ಮಾಡ್ಬೇಕು. ಕಟ್ಟಿದ್ರಲ್ಲಿ ನಂದೇ ಜಾಸ್ತಿ!"

ಅವನು ಮೈಕಿಗೆ ಕೈ ಹಾಕಿದ. "ಸುಳ್ಳು ಸಾರ್! ಇವ್ಳು ಯಾವಾಗ್ಲೂ ಇಂಗೇ! ನನ್ ತಾವ ರಶೀದಿ ಅದೆ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ದೊಡ್ಡ ಸಾಹೇಬರು ಕಣ್ಣೊರೆಸಿಕೊಂಡು, "ಸಂಸಾರ ಅಂದ್ರೆ ಹೀಗಿರ್ಬೇಕು" ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಚಿಕ್ಕಮುನಿಯಮ್ಮ ನನ್ನ ಪಕ್ಕಕ್ಕೇ ಕೂತಳು. "ಕೋರ್ಟಲ್ಲಿ ಇಬ್ರೂ ತುಟಿಪಿಟಿಕ್ ಅನ್ನದೆ ನಿಂತಿದ್ರಲ್ಲೇ. ಅವತ್ತೂ ಇಂಗೇ ಜಗಳ ಆಡಿದ್ರೆ ಆ ಜಡ್ಜು ಬಿಡುಗಡೇನೇ ಕೊಡ್ತಿರ್ಲಿಲ್ಲ ಕಣೆ!"

ನಾನು ಕೇಳಿಸದವಳಂತೆ, ಯಾರ ಹಂಗಿನಲ್ಲೂ ಇಲ್ಲದವಳ ಗತ್ತಿನಲ್ಲಿ ಪರ್ಸು ತೆರೆದು, "ಹದಿನೈದು ಟಿಕೆಟ್ ಕೊಡಿ" ಎಂದು ಕಂಡಕ್ಟರನನ್ನು ಕರೆದೆ.

"ನಿಮ್ದೆಲ್ಲಾ ಆಯ್ತಕ್ಕ" ಎಂದ ಅವನು. "ಮುಂದೆ ಹಾರ ಹಾಕ್ಕೊಂಡು ನಿಂತವ್ರಲ್ಲ, ಅವ್ರು ತಗೊಂಡ್ರು."