ಬನಹಟ್ಟಿಯಲ್ಲಿ ನಡೆದ ಎಕ್ಸ್-ರೇ ವೀಕ್ಷಣೆ

ಜಮಖಂಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದಾಗ, ಕಷ್ಟದ ವಿಷಯವನ್ನು ಸುಲಭ ಮಾಡಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ಹಾಗೆ ನಂಬಿದ್ದವನು ನಾನೊಬ್ಬನೇ ಎಂಬುದು ಆಗ ತಿಳಿದಿರಲಿಲ್ಲ!

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಎರಡು ಗೆಲಾಕ್ಸಿಗಳು ಬೆರೆಯುವಾಗ ಅವುಗಳ ಕೇಂದ್ರದ ಕಪ್ಪುರಂಧ್ರಗಳು ಸುತ್ತಲಿನ ಅನಿಲವನ್ನು ಗಬಗಬನೆ ನುಂಗುತ್ತವೆ. ಧೂಳಿನ ಮರೆಯಲ್ಲಿ ನಡೆಯುವ ಈ ಊಟ ಮಾಮೂಲಿ ದುರ್ಬೀನಿಗೆ ಕಾಣದಿದ್ದರೂ ಎಕ್ಸ್-ರೇ ದುರ್ಬೀನಿಗೆ ಕಾಣುತ್ತದೆ ಎಂದು ಪತ್ರಿಕೆಯಲ್ಲಿ ಓದಿದೆ. ಓದಿದ್ದೇ ತಡ, ಸಿಕ್ಕವರಿಗೆಲ್ಲ ಹೇಳತೊಡಗಿದೆ. ಹೆಂಡತಿ ಸುನಂದಾ ಮೂರು ಸಲ ಕೇಳಿ ಕೈಮುಗಿದಳು.

"ನಮ್ಮ ತವರಮನಿ ಓಣ್ಯಾಗ ಹೇಳ್ರಿ. ಅಲ್ಲಿ ಭಾಳ ಮಂದಿ ಅದಾರ."

ಅವಳ ತವರು ಬನಹಟ್ಟಿ, ನೇಕಾರರ ಓಣಿ. ಮಗ್ಗಗಳ ಖಟಖಟ, ನೂಲಿಗೆ ಹಚ್ಚುವ ಗಂಜಿಯ ವಾಸನೆ, ಹೋದೊಡನೆ ಕೈಗೆ ಬರುತ್ತಿದ್ದ ಚಹಾ... ಈಗಲೂ ನೆನೆದರೆ ಮನಸ್ಸು ಆ ಓಣಿಯಲ್ಲೇ ನಿಲ್ಲುತ್ತದೆ. ನನ್ನ ಭಾಷಣ ಏರ್ಪಡಿಸಲು ಒಪ್ಪಿದ ಅವಳ ತಮ್ಮ ಮಲ್ಲಪ್ಪ ಫೋನಿನಲ್ಲಿ ಕೇಳಿದ:

"ವಿಷಯ ಏನ್ರಿ ಮಾಮಾ? ಬೋರ್ಡ್ ಬರೀತೇನಿ."

"ವಿಲೀನಗೊಳ್ಳುತ್ತಿರುವ ಗೆಲಾಕ್ಸಿಗಳಲ್ಲಿನ ಸಕ್ರಿಯ ಕಪ್ಪುರಂಧ್ರಗಳ ಎಕ್ಸ್-ರೇ ವೀಕ್ಷಣೆ."

ಮಲ್ಲಪ್ಪ ಮತ್ತೊಮ್ಮೆ ಹೇಳಿಸಿಕೊಂಡ.

"ಬೋರ್ಡ್ ಸಣ್ಣದೈತ್ರಿ ಮಾಮಾ. ಇರ್ಲಿ, ಹೊಂದಸ್ತೇನಿ."

ರವಿವಾರ ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗಗಳು ನಿಂತಿದ್ದವು. ಓಣಿಯ ಸಭಾಭವನ ಕಿಕ್ಕಿರಿದಿತ್ತು. ಒಬ್ಬೊಬ್ಬರ ತೊಡೆಯ ಮೇಲೂ ದೊಡ್ಡ ಚಪ್ಪಟೆ ಕವರು. ಟಿಪ್ಪಣಿ ಬರೆದುಕೊಳ್ಳಲು ಹಾಳೆ ತಂದಿದ್ದಾರೆ! ನನ್ನ ಕಣ್ಣು ತುಂಬಿ ಬಂತು.

ಹಲಗೆಯ ಮೇಲೆ ಎರಡು ಸುಳಿ ಬರೆದು, ಅವು ಬೆರೆಯುವುದನ್ನು ಎರಡೂ ಕೈ ಕೂಡಿಸಿ ತೋರಿಸಿ, ಧೂಳಿನ ಮಹತ್ವವನ್ನು ವಿವರಿಸತೊಡಗಿದೆ. ಮುಂದಿನ ಸಾಲಿನ ಮುದುಕರೊಬ್ಬರು ಎದ್ದರು.

"ನಂದೂ ಧೂಳಿಂದs ತ್ರಾಸ ರೀ ಸರ. ಹತ್ತೀ ಧೂಳ. ಎದ್ಯಾಗ ಕುಂತೈತಿ, ನೋಡ್ರಿ," ಎಂದು ಕವರಿನಿಂದ ಎಕ್ಸ್-ರೇ ತೆಗೆದು ಕೈಗಿಟ್ಟರು.

ಸುನಂದಾ ಓಡಿಬಂದು ಕಿವಿಯಲ್ಲಿ ಹೇಳಿದಳು: "ಮಲ್ಲ್ಯಾ ಬೋರ್ಡಿನ ಮ್ಯಾಲ ಏನ್ ಬರ್ದಾನ ಗೊತ್ತೇನ್ರಿ? 'ಜಮಖಂಡಿ ತಜ್ಞರಿಂದ ಎಕ್ಸ್-ರೇ ವೀಕ್ಷಣೆ. ಪುಕ್ಕಟ!'"

ಬುದ್ಧಿ ಇದ್ದವನು ಅಲ್ಲೇ ಕ್ಷಮೆ ಕೇಳಿ ಮುಗಿಸುತ್ತಿದ್ದ. ನಾನು ಆ ಎಕ್ಸ್-ರೇಯನ್ನು ಕಿಟಕಿಗೆ ಹಿಡಿದು, "ನೋಡಿ, ಈ ಕಿರಣ ಧೂಳನ್ನೂ ದಾಟುತ್ತದೆ, ಮಾಂಸವನ್ನೂ ದಾಟುತ್ತದೆ!" ಎಂದು ಬೋಧಿಸಿದೆ. ಮುದುಕರದ್ದು ನೋಡಿದರು, ನಮ್ಮದೂ ನೋಡುತ್ತಾರೆ ಎಂದು ಸಭೆಯೇ ಕವರು ಬಿಚ್ಚುತ್ತ ನನ್ನ ಮೇಜಿಗೆ ನುಗ್ಗಿತು. ಮೇಜು ಉರುಳಿತು. ಅದರ ಮೇಲೆ ಬಿಚ್ಚಿಟ್ಟಿದ್ದ ಎಕ್ಸ್-ರೇಗಳೆಲ್ಲ ನೆಲದ ಮೇಲೆ ವಿಲೀನಗೊಂಡವು!

"ಈ ಸೊಂಟ ನಂದಲ್ರಿ!"

"ನನ್ನ ಎದಿ ಯಾರ ಕಡೆ ಹೋತು?"

ಮಲ್ಲಪ್ಪ ಪಕ್ಕದ ಓಣಿಯ ಡಾಕ್ಟರನ್ನು ಕರೆತಂದ. ಪುಣ್ಯಾತ್ಮರು ಒಂದೊಂದನ್ನೇ ಬೆಳಕಿಗೆ ಹಿಡಿದು, ಹೆಸರು ಓದಿ, ಅವರವರಿಗೆ ಮುಟ್ಟಿಸಿದರು. ಕೊನೆಗೆ ನನ್ನತ್ತ ತಿರುಗಿದರು.

"ನೀವು ಯಾವುದರ ತಜ್ಞರ್ರೀ?"

"ಆಕಾಶದ್ದು," ಎಂದೆ.

ಅವರು ನನ್ನ ನಾಡಿ ಹಿಡಿದು ನೋಡಿದರು!

ಅಷ್ಟರಲ್ಲಿ ಕರೆಂಟ್ ಬಂತು. ಮಗ್ಗಗಳು ಸದ್ದು ಮಾಡಿದವು, ಸಭೆ ಖಾಲಿ. ಕೊನೆಯ ಸಾಲಿನಲ್ಲಿ ಗಂಗವ್ವ ಎಂಬ ಮುದುಕಿ ಮಾತ್ರ ಕುಳಿತಿದ್ದರು. ಮೆಲ್ಲಗೆ ಬಂದು ಹಲಗೆಯ ಮೇಲಿನ ಸುಳಿಗಳನ್ನು ಬೆರಳಿನಿಂದ ಮುಟ್ಟಿದರು.

"ಇವೆರಡೂ ಕೂಡೂ ಮುಂದ ಭಾಳ ಸಪ್ಪಳ ಆಕ್ಕೈತೇನ್ರಿ ಅಳಿಯಾರ?"

ಇಲ್ಲವೆಂದು ತಲೆಯಾಡಿಸಿದೆ.

"ಹಂಗಾರ ಅದು ಛಲೋ ಊರ ಬಿಡ್ರಿ," ಎಂದು ನಕ್ಕರು.

ಜಮಖಂಡಿ ಬಸ್ಸಿನಲ್ಲಿ ಎದೆಯುಬ್ಬಿಸಿ ಕುಳಿತೆ. "ನೋಡಿದೆಯಾ? ಒಬ್ಬರಾದರೂ ಪೂರ್ತಿ ಕೇಳಿದರು. ಎಂಥ ಪ್ರಶ್ನೆ!" ಎಂದೆ.

ಸುನಂದಾ ಕಿಟಕಿಯ ಹೊರಗೆ ನೋಡುತ್ತ ಮೆತ್ತಗೆ ಹೇಳಿದಳು: "ಗಂಗವ್ವಾಯಿಗೆ ಕಿವಿ ಕೇಳ್ಸೂದಿಲ್ರಿ. ಮಗ್ಗದ ಸಪ್ಪಳಕ್ಕ ಹೋಗಿ ಹತ್ತ ವರ್ಷ ಆತು."