ದವಡೆ ಹಲ್ಲಿನ ಚದುರಂಗ

ಏಪ್ರಿಕಾಟ್ ಗೊರಟೆಯನ್ನು ಹಲ್ಲಿನಲ್ಲಿ ಒಡೆಯಬೇಡವೆಂದು ಅಮ್ಮ ಹೇಳಿದ್ದನ್ನು ಸೆದ್ರಾಕ್ ಐವತ್ತು ವರ್ಷ ಕೇಳಿರಲಿಲ್ಲ. ಅದರ ಫಲ ಸಿಕ್ಕಿದ್ದು ಚದುರಂಗ ಪಂದ್ಯಾವಳಿಯ ಕೊನೆಯ ದಿನ, ಬೆಳಗಿನ ಕಾಫಿಯ ಹೊತ್ತಿಗೆ. ಗೊರಟೆ ಒಡೆಯಲಿಲ್ಲ, ದವಡೆ ಹಲ್ಲು ಒಡೆಯಿತು.

ಆರ್ಮೇನಿಯಾದ ಆ ಬೆಟ್ಟದೂರಿನಲ್ಲಿ ಚದುರಂಗ ಆಡದವರನ್ನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಂದು ಗೆದ್ದವನು ಸಂಜೆಯ ಬಸ್ಸಿಗೇ ರಾಜಧಾನಿ ಯೆರೆವಾನಿನ ದೊಡ್ಡ ಪಂದ್ಯಕ್ಕೆ ಹೊರಡಬೇಕು. ಪ್ರತಿ ವರ್ಷ ಹೊರಡುತ್ತಿದ್ದವರು ಖೊರೆನ್. ನಿಲ್ದಾಣದಲ್ಲಿ ನಿಂತು ಕೈ ಬೀಸುತ್ತಿದ್ದವನು ಸೆದ್ರಾಕ್. ಈ ಸಲ ಬಿಡಬಾರದೆಂದು ಚಳಿಗಾಲವಿಡೀ ಬಾಗಿಲು ಹಾಕಿಕೊಂಡು ಆಟ ಶುರುಮಾಡುವ ಹೊಸ ವರಸೆಯೊಂದನ್ನು ಕಲಿತಿದ್ದ. ಎರಡನೇ ನಡೆಯಲ್ಲೇ ಕಾಲಾಳೊಂದನ್ನು ಬಲಿಗಿಡುವುದು, ಎದುರಾಳಿ ಅದನ್ನು ನುಂಗುವಷ್ಟರಲ್ಲಿ ಅವನ ರಾಜನ ಮೇಲೆ ನುಗ್ಗುವುದು.

ಗ್ರಹಚಾರ ನೋಡಿ, ಅಂದಿನ ಕೊನೆಯ ಆಟದ ಎದುರಾಳಿಯೂ ಖೊರೆನ್, ಊರಿಗಿದ್ದ ಒಬ್ಬರೇ ಹಲ್ಲಿನ ಡಾಕ್ಟರೂ ಆ ಖೊರೆನ್ನೇ.

ಸತ್ತರೂ ಅವರ ಬಳಿ ಹೋಗುವುದಿಲ್ಲವೆಂದ ಸೆದ್ರಾಕ್. ಮೇಲ್ಮನೆಯ ಅರ್ಷಾಲುಯ್ಸ್ ಅಜ್ಜಿ ಲವಂಗ ತಂದಳು, ಪಕ್ಕದ ಮನೆಯವರು ವೋಡ್ಕಾ ತಂದರು. ಎರಡೂ ಸೇರಿ ಕೆನ್ನೆ ಬನ್ನಿನಂತೆ ಊದಿತು. ಕೊನೆಗೆ ಅಜ್ಜಿಯೇ ಅವನ ತೋಳು ಹಿಡಿದೆಳೆದುಕೊಂಡು ಹೋಗಿ ಖೊರೆನ್ ಅವರ ಕುರ್ಚಿಯಲ್ಲಿ ಕೂರಿಸಿದಳು.

ಖೊರೆನ್ ಹಲ್ಲು ಕೊರೆದರು, ಔಷಧಿ ತುಂಬಿದರು, ಗಡಿಯಾರ ನೋಡಿ ಕೈ ತೊಳೆದರು. "ಅರ್ಧ ಆಯ್ತು. ಮಿಕ್ಕಿದ್ದು ಆಟ ಮುಗಿದ್ಮೇಲೆ ನೋಡೋಣ," ಎಂದು ನಕ್ಕರು. ಆ ನಗು ಸೆದ್ರಾಕನಿಗೆ ಸರಿಬರಲಿಲ್ಲ.

ಆಟ ಶುರುವಾಯಿತು. ಸೆದ್ರಾಕ್ ಕಾಲಾಳನ್ನು ಮುಂದಿಟ್ಟ, ಡಾಕ್ಟರು ಗಬಕ್ಕನೆ ನುಂಗಿದರು. ಇವನ ಕುದುರೆ ಹಾರಿತು, ಒಂಟೆ ನುಗ್ಗಿತು. ಡಾಕ್ಟರ ಹಣೆಯ ಮೇಲೆ ಬೆವರು ಮೂಡಿತು. ಇನ್ನು ಮಂತ್ರಿಯನ್ನು ಒಂದು ಮನೆ ಸರಿಸಿದರೆ ಗೆಲುವು, ಯೆರೆವಾನ್ ಬಸ್ಸು. ಸೆದ್ರಾಕ್ ಕೈ ಎತ್ತಿದ.

ಖೊರೆನ್ ಜೀವದ ಗೆಳೆಯನನ್ನು ಕರೆಯುವಂತೆ ಮೆಲ್ಲಗೆ ಕೇಳಿದರು: "ನೋವು ಹೇಗಿದೆ, ಸೆದ್ರಾಕ್ ಜಾನ್?"

ಎತ್ತಿದ ಕೈಯನ್ನು ಸೆದ್ರಾಕ್ ಕೆನ್ನೆಗೆ ಒಯ್ದ. ಸೋತರೆ ಸಿಟ್ಟು ಅವರದು, ಕೊರೆಯುವ ಯಂತ್ರವೂ ಅವರದು, ತೆರೆದ ಬಾಯಿ ಮಾತ್ರ ತನ್ನದು. ಅಯ್ಯೋ, ಪಂದ್ಯ ಮುಂದಿನ ವರ್ಷವೂ ಇರುತ್ತದೆ! ಮಂತ್ರಿಯನ್ನು ಬಿಟ್ಟು ಮೂಲೆಯ ಕಾಲಾಳನ್ನು ತಳ್ಳಿದ. ಸ್ವಲ್ಪ ಹೊತ್ತಿನಲ್ಲೇ ಅವನ ರಾಜ ಸಿಕ್ಕಿಬಿದ್ದ. ಹಲ್ಲಿನ ಜೊತೆ ಬುದ್ಧಿಯೂ ಹೋಯಿತೇ ಎಂದು ಅಜ್ಜಿ ಹಿಂದಿನಿಂದ ಗೊಣಗಿದಳು.

ಸೆದ್ರಾಕ್ ಕೈ ಕುಲುಕಿದ. "ಡಾಕ್ಟ್ರೇ, ಆ ಮಿಕ್ಕರ್ಧ ಹಲ್ಲು?"

ಖೊರೆನ್ ಪೆಚ್ಚಾದರು. "ಚಳಿಗಾಲವಿಡೀ ಬಾಗಿಲು ಹಾಕ್ಕೊಂಡು ಕೂತೋರು ಈ ಸಲ ಗೆದ್ದೇ ಗೆಲ್ತೀರಿ ಅಂದ್ಕೊಂಡಿದ್ದೆ ಕಣ್ರೀ. ಔಷಧಿ ನಾಳೆವರೆಗೆ ಹಲ್ಲಲ್ಲೇ ಇರಬೇಕು, ಇವತ್ತು ಮುಟ್ಟೋ ಹಾಗಿಲ್ಲ. ನಾಳೆ ನಿಮ್ಮ ಹಲ್ಲು ಮುಗಿಸಿಕೊಡು ಅಂತ ಯೆರೆವಾನಿನ ಹಲ್ಲಿನ ಡಾಕ್ಟರ್ ಗೆಳೆಯನಿಗೆ ಫೋನೂ ಮಾಡಿಟ್ಟಿದ್ದೆ. ಈಗ ನೋಡಿದ್ರೆ ಹೋಗೋನು ನಾನಾದೆ."

"ಬರೋದು ಯಾವಾಗ?"

"ಮೊದಲ ಆಟದಲ್ಲೇ ಸೋತ್ರೆ ನಾಡಿದ್ದು. ಗೆಲ್ತಾ ಹೋದ್ರೆ ಹದಿನೈದು ದಿನ."

ಸಂಜೆ ಬಸ್ಸು ಹೊರಟಾಗ, ಗೆದ್ದು ಬನ್ನಿ ಡಾಕ್ಟ್ರೇ ಎಂದು ಊರಿಗೆ ಊರೇ ಕೂಗಿತು. ಸೆದ್ರಾಕ್ ಒಂದು ಕೈಯಲ್ಲಿ ಕೆನ್ನೆ ಹಿಡಿದು, ಇನ್ನೊಂದನ್ನು ಬೀಸುತ್ತಾ, ಅವರು ಬೇಗ ಸೋಲಲಪ್ಪಾ ಎಂದು ದೇವರನ್ನು ಬೇಡಿಕೊಂಡ.