ಹಿಮ್ಮಡಿಗೆ ಅಂಚೆಯಜ್ಜನ ಮದ್ದು

ಹೆಂಡತಿ: ಹಾಗಾದ್ರೆ ಮೇಷ್ಟ್ರ ಮೀಸೆ ಯಾಕ್ರೀ ಎಡಕ್ಕೆ ವಾಲಿತು?

ಕ್ಷೌರಿಕ: ಅವರ ಮುಖಾನೇ ಸ್ವಲ್ಪ ಆ ಕಡೆಗಿದೆ.

ಹೆಂಡತಿ: ಮುಖ ನೆಟ್ಟಗೇ ಇದೆ, ವಾಲಿದ್ದು ನೀವು. ಬಲ ಹಿಮ್ಮಡಿ ಊರೋಕಾಗದೆ ಎಡಗಾಲ ಮೇಲೆ ನಿಂತ್ರಿ, ಕತ್ತರಿ ನಿಮ್ಮ ಹಿಂದೇನೇ ಬಂತು. ಈ ವಾರ ಇದು ಮೂರನೇ ಮೀಸೆ. ನಾಲ್ಕನೆಯವರು ಎದುರುಗಡೆ ಹೊಸ ಅಂಗಡಿಗೆ ಹೋಗ್ತಾರೆ. ಆಮೇಲೆ ನೀವು ನನ್ನ ತಲೆ ಬಾಚ್ಕೊಂಡು ಕೂತಿರಿ.

ಅಂಗಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಪರದೆಯ ಈಚೆ ಅವನ ಕುರ್ಚಿ, ಕನ್ನಡಿ. ಆಚೆ ಅವಳ ಹೊಲಿಗೆ ಯಂತ್ರ. ಇಪ್ಪತ್ತು ವರ್ಷ ನಿಂತೇ ದುಡಿದವನ ಹಿಮ್ಮಡಿ ಎಂಟು ವಾರಗಳಿಂದ, ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೇ ಮೊಳೆ ತುಳಿದಂತೆ ನೋಯುತ್ತಿತ್ತು. ಅಂಗಾಲಿನ ನಾರು ಬಿಗಿದಿದೆಯೆಂದು ವೈದ್ಯರು ಚೀಟಿಯೊಂದರಲ್ಲಿ ನಾಲ್ಕು ಸಾಲು ಬರೆದುಕೊಟ್ಟಿದ್ದರು. ಚೀಟಿ ಕನ್ನಡಿಯ ಹಿಂದೆ ಸುಖವಾಗಿತ್ತು.

ಕ್ಷೌರಿಕ: ಗೋಡೆ ತಳ್ಳು ಅಂತ ಬರೆದಿದ್ದಾರೆ ಕಣೇ. ಅದೂ ಒಂದು ಚಿಕಿತ್ಸೇನಾ? ಮದ್ದು ಅಂದ್ರೆ ಕಹಿ ಇರಬೇಕು, ಇಲ್ಲಾ ಉರಿಯಾದ್ರೂ ಇರಬೇಕು.

ಹೆಂಡತಿ: ಕಾಂಟ್ರಾಕ್ಟರು ಹೇಳಿದ್ರು ಅಂತ ಬರಿಗಾಲಲ್ಲಿ ಜಲ್ಲಿ ತುಳಿದ್ರಿ. ವಿಮೆಯವರು ಹೇಳಿದ್ರು ಅಂತ ಚಪ್ಪಲಿಗೆ ಅಯಸ್ಕಾಂತ ಅಂಟಿಸಿದ್ರಿ, ಈಗ ನನ್ನ ಸೂಜಿಗಳೆಲ್ಲ ನಿಮ್ಮ ಕಾಲಿಗೇ ಶರಣು.

ಕ್ಷೌರಿಕ: ಅವರೆಲ್ಲ ತಿಂಗಳಿಗೊಂದ್ಸಲ ಈ ಕುರ್ಚೀಲಿ ಕೂರ್ತಾರೆ. ಮಾಡಿದ್ಯೇನಪ್ಪಾ ಅಂತ ಕೇಳ್ತಾರೆ. ಗಿರಾಕಿ ಮಾತು ತೆಗೆದುಹಾಕೋಕಾಗುತ್ತಾ?

ಹೆಂಡತಿ: ಡಾಕ್ಟ್ರ ಮಾತು ತೆಗೆದುಹಾಕಬಹುದೋ?

ಕ್ಷೌರಿಕ: ಅವರ ತಲೆ ನೋಡಿದ್ಯಾ? ಕೂದಲು ಅನ್ನೋದು ಹೆಸರಿಗೂ ಇಲ್ಲ. ಅವರು ಯಾವ ಜನ್ಮದಲ್ಲಿ ಇಲ್ಲಿಗೆ ಬಂದು ವಿಚಾರಿಸ್ತಾರೆ?

ಈ ತರ್ಕಕ್ಕೆ ಅವಳೊಂದು ಉಪಾಯ ಹೂಡಿದಳು. ಅಂದು ಮಧ್ಯಾಹ್ನ, ಹೊಲಿದ ಅಂಗಿ ಒಯ್ಯಲು ಬಂದ ನಿವೃತ್ತ ಅಂಚೆಯಜ್ಜನ ಕೈಗೆ ಅಂಗಿಯ ಜೊತೆಗೆ ವೈದ್ಯರ ಚೀಟಿಯನ್ನೂ ಕೊಟ್ಟು, ಇದನ್ನು ನಿಮ್ಮ ಮಾತೆಂದೇ ಹೇಳಿಬಿಡಿ ಎಂದು ಬೇಡಿಕೊಂಡಳು. ಬದುಕಿಡೀ ಇನ್ನೊಬ್ಬರ ಮಾತನ್ನು ಮನೆಮನೆಗೆ ಮುಟ್ಟಿಸಿದ್ದ ಅಜ್ಜನಿಗೆ, ಒಂದನ್ನಾದರೂ ತನ್ನದೆನ್ನುವ ಅವಕಾಶ ಮೊದಲ ಬಾರಿಗೆ ಒದಗಿತ್ತು. ಪರದೆ ದಾಟಿ ಕುರ್ಚಿಯಲ್ಲಿ ಕೂತು, ಕತ್ತಿನ ಸುತ್ತ ಬಟ್ಟೆ ಬಿಗಿಸಿಕೊಂಡು, ಗಂಟಲು ಸರಿಮಾಡಿಕೊಂಡರು. ಮೂವತ್ತು ವರ್ಷ ಮೆಟ್ಟಿಲು ಹತ್ತಿಳಿದ ತಮ್ಮ ಕಾಲನ್ನು ಕಾಪಾಡಿದ್ದು ಒಂದು ಗುಟ್ಟು ಎಂದರು. ಹಾಸಿಗೆ ಬಿಡುವ ಮೊದಲು ಟವೆಲಿನಿಂದ ಕಾಲ್ಬೆರಳನ್ನು ತನ್ನತ್ತ ಎಳೆದುಕೊಳ್ಳಬೇಕು. ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸಬೇಕು. ಮಂಜುಗಟ್ಟಿದ ನೀರಿನ ಬಾಟಲಿಯನ್ನು ಅಂಗಾಲಡಿ ಉರುಳಿಸಬೇಕು. ಮನೆಯೊಳಗೂ ಬರಿಗಾಲು ಕೂಡದು. ಮೂರು ತಿಂಗಳು ತಪ್ಪಿಸಬಾರದು ಎಂದು ಚೀಟಿಯ ಅಡಿಯಲ್ಲಿದ್ದುದನ್ನು ಮಾತ್ರ ತಾವೇ ತಿದ್ದಿ, ತಪ್ಪಿಸಿದರೆ ಮೊದಲಿನಿಂದ ಎಣಿಸಬೇಕು ಎಂದರು.

ಕ್ಷೌರಿಕ: ಇಷ್ಟು ದಿನ ಯಾಕಜ್ಜಾ ಮುಚ್ಚಿಟ್ಟಿದ್ರಿ?

ಅಂಚೆಯಜ್ಜ ಕಣ್ಣು ಮುಚ್ಚಿಕೊಂಡರು. ಎಲ್ಲರಿಗೂ ಹೇಳುವಂಥದ್ದಲ್ಲ ಎಂದರು.

ಮರುದಿನದಿಂದ ಅವನು ಗೋಡೆ ತಳ್ಳಿದ. ಅಜ್ಜ ವಾರಕ್ಕೆರಡು ಬಾರಿ ಬಂದು, ಕತ್ತರಿಸಲು ಏನೂ ಇಲ್ಲದಿದ್ದರೂ ಕುರ್ಚಿಯಲ್ಲಿ ಕೂತು ಲೆಕ್ಕ ಕೇಳಿದರು. ಮೂರನೆಯ ತಿಂಗಳ ಹೊತ್ತಿಗೆ ಮೇಷ್ಟ್ರ ಮೀಸೆ ನೆಟ್ಟಗಾಯಿತು.

ಒಂದು ಬೆಳಿಗ್ಗೆ, ಬಾಗಿಲ ಚೌಕಟ್ಟು ಹಿಡಿದು, ಬಲಗಾಲ ತುದಿಯಲ್ಲಿ ನಡೆಯುತ್ತ ವೈದ್ಯರು ಬಂದರು.

ಕ್ಷೌರಿಕ: ಡಾಕ್ಟ್ರೇ, ಇಲ್ಲಿ ನಿಮಗೇನು ಕೆಲಸ?

ವೈದ್ಯ: ಗಡ್ಡ ತೆಗೀರಪ್ಪ. ಕನ್ನಡಿ ಮುಂದೆ ಐದು ನಿಮಿಷ ನಿಲ್ಲೋಕಾಗ್ತಿಲ್ಲ, ಹಿಮ್ಮಡಿ. ಒಂದು ಮುಲಾಮು ಹಚ್ಚಿದೆ, ಮಾತ್ರೆ ನುಂಗಿದೆ, ಯಾರೋ ಹೇಳಿದ್ರು ಅಂತ ಬಿಸಿ ಇಟ್ಟಿಗೆ ಮೇಲೂ ಕಾಲಿಟ್ಟೆ. ನಿಮ್ಮ ನೋವು ಹೇಗೆ ಹೋಯ್ತು?

ಕ್ಷೌರಿಕ ನೊರೆ ಹಚ್ಚುತ್ತಲೇ ನಾಲ್ಕೂ ಸೂತ್ರಗಳನ್ನು ಒಪ್ಪಿಸಿದ. ಪರದೆಯಾಚೆ ಹೊಲಿಗೆ ಯಂತ್ರದ ಸದ್ದು ನಿಂತಿತು.

ವೈದ್ಯ: ಇದನ್ನೇ ಅಲ್ವೇನ್ರೀ ನಾನು ಬರೆದುಕೊಟ್ಟಿದ್ದು?

ಕ್ಷೌರಿಕ: ನೀವು ಕೊಟ್ಟಿದ್ದು ಚೀಟಿ ಡಾಕ್ಟ್ರೇ. ಇದು ಅಂಚೆಯಜ್ಜನ ಅನುಭವ.

ಹೆಂಡತಿ (ಪರದೆ ಸರಿಸಿ): ನೀವು ಬರೆದದ್ದನ್ನ ನೀವೂ ಮಾಡಿದ್ರಾ ಡಾಕ್ಟ್ರೇ?

ವೈದ್ಯರ ಮುಖದ ಅರ್ಧ ನೊರೆಯಲ್ಲಿತ್ತು. ಉಳಿದರ್ಧವನ್ನು ಅವರು ಗೋಡೆಯ ಕಡೆಗೆ ತಿರುಗಿಸಿದರು. ಪುರುಸೊತ್ತಿಲ್ಲ ಎಂದರು. ದಿನಕ್ಕೆ ಹತ್ತು ಜನಕ್ಕೆ ಬರೆದು ಬರೆದು, ಅದು ಚಿಕಿತ್ಸೆ ಅಂತ ತಮಗೇ ಅನಿಸುತ್ತಿಲ್ಲ ಎಂದೂ ಒಪ್ಪಿಕೊಂಡರು. ಕತ್ತಿ ಗಲ್ಲದಿಂದ ಇಳಿದ ಮೇಲೆ ದನಿ ತಗ್ಗಿಸಿದರು.

ವೈದ್ಯ: ಆ ಅಂಚೆಯಜ್ಜ ಯಾವ ದಿನ ಬರ್ತಾರೆ? ಅವರ ಬಾಯಿಂದಲೇ ಒಂದ್ಸಲ ಕೇಳ್ಕೊಂಡುಬಿಡ್ತೀನಿ.